ಎತ್ತಿದ ಕೈ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯ ಮೈದಾನದಲ್ಲೇ ನಾನು ಕಬಡ್ಡಿ ಕಲಿತೆ. ಈಗ ದೇವದುರ್ಗ ತಾಲ್ಲೂಕಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಕ್ರೀಡಾಕೂಟಗಳಲ್ಲಿ ಕಬಡ್ಡಿ ನಿರ್ಣಾಯಕಿ. ಆಟದ ಬಗ್ಗೆ ನಾಲ್ಕು ಮಾತಾಡು ಎಂದು ಮುಖ್ಯಗುರುಗಳು ಹೇಳಿದ್ದಾರೆ. ಅದರ ಜೊತೆ ಇನ್ನೊಂದು ಮಾತನ್ನೂ ಆಡುತ್ತೇನೆ. ತಾಯಂದಿರು ನಾಚಿಕೊಂಡು ಎದ್ದು ಹೋಗಬೇಡಿ. ಗಂಡಸರೂ ಕೂತು ಕೇಳಿ.

ರಣಜಿ ಟ್ರೋಫಿಯಲ್ಲಿ ಮೊದಲ ಸಲ ಮಹಿಳೆಯರು ಅಂಪೈರ್ ಆಗಿ ನಿಂತದ್ದು 2023ರ ಜನವರಿಯಲ್ಲಿ: ವೃಂದಾ ರಾಠಿ, ಎನ್. ಜನನಿ, ಗಾಯತ್ರಿ ವೇಣುಗೋಪಾಲನ್. ಅಲ್ಲೇ ಅಷ್ಟು ತಡವಾದರೆ ನಮ್ಮ ತಾಲ್ಲೂಕು ಕೂಟಗಳನ್ನು ನೀವೇ ಊಹಿಸಿ. ಹತ್ತು ನಿರ್ಣಾಯಕರಲ್ಲಿ ನಾವು ಒಬ್ಬರೋ ಇಬ್ಬರೋ. ಒಬ್ಬಳು ಬಟ್ಟೆ ಬದಲಿಸುವಾಗ ಇನ್ನೊಬ್ಬಳು ತರಗತಿಯ ಬಾಗಿಲಿಗೆ ಕಾವಲು. ಮುಟ್ಟಿನ ದಿನ ಬಿಸಿಲಲ್ಲಿ ನಿಲ್ಲಲಾಗದವಳನ್ನು ಸ್ಕೋರ್ ಮೇಜಿಗೆ ಕೂರಿಸಿ ಇನ್ನೊಬ್ಬಳು ಸೀಟಿ ಹಿಡಿಯುತ್ತಾಳೆ. ಹೀಗೆ ದೇವದುರ್ಗ, ಮಾನ್ವಿ, ರಾಯಚೂರಿನ ನಾವು ನಾಲ್ವರು ಗೆಳತಿಯರಾದೆವು.

ಒಂದು ವರ್ಷ ಜಿಲ್ಲಾ ಕೂಟಕ್ಕೆ ರಾಯಚೂರಿಗೆ ಹೋಗಿ ಒಂದೇ ಕೋಣೆಯಲ್ಲಿ ಉಳಿದಿದ್ದೆವು. ರಾತ್ರಿ ಮಾನ್ವಿಯ ಗೆಳತಿ ಮೆಲ್ಲಗೆ ಅಂದಳು: "ಅಕ್ಕಾ, ಎದಿಯಾಗ ಒಂದು ಗಂಟು ಆಗೇದ. ನಾಲ್ಕು ತಿಂಗಳಾತು. ನೋವಿಲ್ಲ, ಅದಕ್ಕ ಸುಮ್ಮನಿದ್ದೆ." ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ನೋವಿದ್ದರೆ ಎಂದೋ ತೋರಿಸುತ್ತಿದ್ದಳು. ಈ ಗಂಟು ಮೊದಮೊದಲು ಹೆಚ್ಚಾಗಿ ನೋಯುವುದಿಲ್ಲ. ಅದೇ ಅದರ ಮೋಸ. ಮಗಳ ಮದುವೆ ಮಾತು ನಡೆದಿದ್ದರಿಂದ ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಮರುದಿನ ನನ್ನ ಪಂದ್ಯಗಳನ್ನು ಇನ್ನೊಬ್ಬಳಿಗೆ ಒಪ್ಪಿಸಿ ಅವಳನ್ನು ರಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸೂಜಿ ಪರೀಕ್ಷೆಯ ವರದಿ ಬಂತು: ಸ್ತನ ಕ್ಯಾನ್ಸರ್. ಮುಂದೆ ಬೆಂಗಳೂರಿನ ಕಿದ್ವಾಯಿಯಲ್ಲಿ ಶಸ್ತ್ರಚಿಕಿತ್ಸೆ, ಕಿಮೋ, ವಿಕಿರಣ. ರಾತ್ರಿ ರೈಲಿಗೆ ನಾವು ಮೂವರು ಸರತಿಯ ಮೇಲೆ ಜೊತೆಗೆ ಹೋದೆವು.

ಶಸ್ತ್ರಚಿಕಿತ್ಸೆಯಾದ ಮೇಲೆ ಅವಳ ಬಲಗೈ ಭುಜದ ಮೇಲೆ ಏಳಲಿಲ್ಲ. ಕೂದಲು ಹೋದಾಗ ಅಳದವಳು ಆಗ ಅತ್ತಳು. ಕೈ ಎತ್ತಿ, ಬೆರಳು ತೋರಿಸಿ ಅಂಕ ಕೊಡುವುದೇ ನಮ್ಮ ಕೆಲಸವಲ್ಲವೆ? ವೈದ್ಯರು ಹೇಳಿಕೊಟ್ಟಂತೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮವನ್ನು ದಿನವೂ ಮಾಡಿಸಿದೆವು. ಬೆರಳು ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ. ವಾರ ವಾರ ಗೆರೆ ಮೇಲೇರಿತು. ಮರುವರ್ಷ ತಲೆಗೆ ಕರವಸ್ತ್ರ ಕಟ್ಟಿಕೊಂಡು ಬಂದು ಮೊದಲು ಸ್ಕೋರ್ ಮೇಜಿಗೆ ಕೂತಳು. ಫೈನಲ್‌ಗೆ ಸೀಟಿ ಅವಳದೇ.

ತಾಯಂದಿರೆ, ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು, ಚರ್ಮ ಒಳಕ್ಕೆ ಎಳೆದಂತಾಗುವುದು, ತೊಟ್ಟು ಒಳಸರಿಯುವುದು, ತೊಟ್ಟಿನಿಂದ ರಕ್ತ ಬರುವುದು, ಇಂಥವು ಕಂಡರೆ ತಡ ಮಾಡಬೇಡಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಬೇಕಾದವರು ವೈದ್ಯರು, ನೆರೆಮನೆಯವರಲ್ಲ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಉಚಿತ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಗಂಡಸರೆ, ಆಸ್ಪತ್ರೆಗೆ ಜೊತೆಗೆ ನಡೆಯಿರಿ.

ಆಸ್ಟ್ರೇಲಿಯಾದ ಕ್ರಿಕೆಟಿಗ ಗ್ಲೆನ್ ಮೆಗ್ರಾ ಅವರ ಪತ್ನಿ ಜೇನ್ ಈ ರೋಗದಿಂದ 2008ರಲ್ಲಿ ತೀರಿಕೊಂಡರು. 2009ರಿಂದ ಸಿಡ್ನಿ ಟೆಸ್ಟ್ ಪಂದ್ಯದಲ್ಲಿ ಜನ ಗುಲಾಬಿ ಬಟ್ಟೆ ತೊಟ್ಟು ಬಂದು ಈ ಕಾಯಿಲೆಯ ಅರಿವು ಮೂಡಿಸುತ್ತಾರೆ. ನಮ್ಮಲ್ಲಿ ಅಷ್ಟು ಸಡಗರ ಬೇಡ. ಈ ಶಾಲೆಯ ಕ್ರೀಡಾಕೂಟದ ದಿನ ಆಶಾ ಕಾರ್ಯಕರ್ತೆಯನ್ನು ಕರೆಸಿ, ಬಂದ ತಾಯಂದಿರ ಜೊತೆ ಅರ್ಧ ಗಂಟೆ ಮಾತಾಡಿಸಿ. ಆ ಅರ್ಧ ಗಂಟೆಗೆ ನಾವು ನಾಲ್ವರೂ ಬರುತ್ತೇವೆ.

ನನಗೆ ಅಕ್ಷರ ಕೊಟ್ಟು, ಕೈಗೆ ಸೀಟಿ ಕೊಟ್ಟ ಈ ಶಾಲೆಗೆ ಶರಣು.