ತೆಂಗಿಗೆ ಇಟ್ಟ ವಿಷ ಹಸುವಿನ ಬಾಯಿಗೆ ಬೀಳದಿರಲಿ

(ತಿಪಟೂರು ತಾಲ್ಲೂಕಿನ ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ತೋಟ ಬೇರೆ, ಕೊಟ್ಟಿಗೆ ಬೇರೆ ಎಂಬುದಿಲ್ಲ. ತೋಟದ ಹುಲ್ಲು ಹಸುವಿಗೆ, ಹಸುವಿನ ಗೊಬ್ಬರ ತೆಂಗಿಗೆ. ಹಾಗಾಗಿ ಮರಕ್ಕೆ ಇಟ್ಟ ವಿಷ ಹಸುವಿನ ಬಾಯಿಗೆ ಬರುವುದಕ್ಕೆ ಹೆಚ್ಚು ದೂರವಿಲ್ಲ.

1998ರಲ್ಲಿ ಕೇರಳದಲ್ಲಿ ಕಾಣಿಸಿದ ನುಸಿ ಪೀಡೆ ಬೇಗನೆ ನಮ್ಮ ತೋಟಗಳಿಗೂ ಬಂತು. ಆಗ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕವನ್ನು ಬೇರಿಗೆ ಉಣಿಸುವ ಕ್ರಮ ಬಳಕೆಗೆ ಬಂತು. 10 ಮಿ.ಲೀ. ಕೀಟನಾಶಕಕ್ಕೆ ಅಷ್ಟೇ ನೀರು ಬೆರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೇರಿಗೆ ಕಟ್ಟುವುದು. 45 ದಿನ ಕಾಯಿ ಕೀಳದಿರುವುದು. ಆದರೆ ಬೇರು ಹೀರದೆ ಚೀಲದಲ್ಲಿ ಉಳಿದದ್ದನ್ನು ದನ ನೆಕ್ಕಿದರೆ?

ನಾವು ಇದನ್ನು 'ಔಷಧಿ' ಎನ್ನುತ್ತೇವೆ. ಡಬ್ಬಿಯ ಮೇಲಿನ ಕೆಂಪು ತ್ರಿಕೋನ ಹೇಳುವುದು 'ವಿಷ' ಎಂದು. ತರಕಾರಿಗೆ ಇದನ್ನು ಬಳಸುವುದು 2005ರಲ್ಲೇ ನಿಷೇಧವಾಯಿತು. 2013ರಲ್ಲಿ ಬಿಹಾರದ ಒಂದು ಶಾಲೆಯಲ್ಲಿ ಈ ವಿಷ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. 1995-96ರಲ್ಲಿ ಅರ್ಜೆಂಟೀನಾದ ಹೊಲಗಳಲ್ಲಿ ಸಾವಿರಾರು ಗಿಡುಗಗಳು ಇದರಿಂದಲೇ ಸತ್ತವು. 2023ರಲ್ಲಿ ಕೇಂದ್ರ ಸರ್ಕಾರ ಶೇ. 36ರ ದ್ರಾವಣವನ್ನು ನಿಲ್ಲಿಸಲು ಆದೇಶಿಸಿತು. ಅಂಗಡಿಯಿಂದ ಹೋದರೂ ನಮ್ಮ ಅಟ್ಟದ ಮೇಲಿನ ಹಳೆಯ ಬಾಟಲಿ ತಾನಾಗಿ ಹೋಗುವುದಿಲ್ಲ.

ಇದು ಆರ್ಗನೋಫಾಸ್ಫೇಟ್ ಗುಂಪಿನ ವಿಷ. ನರಗಳನ್ನು ಹತೋಟಿಯಲ್ಲಿಡುವ ಕಿಣ್ವವನ್ನು ಕೆಡಿಸುತ್ತದೆ. ವಿಷ ತಗುಲಿದ ಹಸು ಜೊಲ್ಲು ಸುರಿಸುತ್ತದೆ, ಕಣ್ಣೀರು ಹಾಕುತ್ತದೆ, ಭೇದಿ ಮಾಡಿಕೊಳ್ಳುತ್ತದೆ. ಮೈ ನಡುಗುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಏದುಸಿರು ಬರುತ್ತದೆ. ಗಾಳಿ ಸೋಕಿತೆಂದು ಕಾಯುತ್ತಾ ಕೂರಬೇಡಿ. ತಕ್ಷಣ ಪಶುವೈದ್ಯರನ್ನು ಕರೆಸಿ, ಡಬ್ಬಿಯನ್ನು ತೋರಿಸಿ. ಅಟ್ರೋಪಿನ್ ಚುಚ್ಚುಮದ್ದು ಬೇಗ ಬಿದ್ದರೆ ಹಸು ಉಳಿಯುವ ಆಸೆಯಿದೆ. ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ ಹುಯ್ಯಬೇಡಿ. ನಡುಗುವ ಹಸುವಿನ ಶ್ವಾಸಕೋಶಕ್ಕೆ ಅದು ಇಳಿಯಬಹುದು. ಮೈಮೇಲೆ ಚೆಲ್ಲಿದ್ದರೆ ಕೈಗೆ ಗವಸು ಹಾಕಿಕೊಂಡು ಸೋಪು ನೀರಿನಲ್ಲಿ ತೊಳೆಯಿರಿ.

ಇನ್ನು ಕೆಲವು ಮಾತು ನೆನಪಿಡಿ:

1. ಬೆಳೆಗೆ ಹೊಡೆಯುವ ಯಾವ ಕೀಟನಾಶಕವನ್ನೂ ಉಣ್ಣೆ ಸಾಯಲೆಂದು ದನದ ಮೈಗೆ ಬಳಿಯಬೇಡಿ. ಅದಕ್ಕೆ ಬೇರೆ ಔಷಧಿ ಇದೆ, ವೈದ್ಯರನ್ನು ಕೇಳಿ.

2. ಖಾಲಿ ಡಬ್ಬಿಯಲ್ಲಿ ಕಲಗಚ್ಚು, ಹಿಂಡಿ, ನೀರು ಇಡಬೇಡಿ. ತೂತು ಮಾಡಿ ಕೆಡಿಸಿ.

3. ಉಳಿದ ವಿಷವನ್ನು ಕೆರೆ, ಬಾವಿ, ಚರಂಡಿಗೆ ಸುರಿಯಬೇಡಿ. ಬೀಗ ಹಾಕಿಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

4. ನುಸಿಗೆ ಬೇವಿನ ಅಜಾಡಿರಾಕ್ಟಿನ್ ಇದೆ. ಅದನ್ನೂ ಬೇರಿಗೆ ಉಣಿಸಬಹುದು.

5. ಕಟ್ಟಿದ ಚೀಲಗಳನ್ನು ಎಣಿಸಿಕೊಂಡು ಅಷ್ಟನ್ನೂ ತೆಗೆಯಿರಿ. ಅಲ್ಲಿಯವರೆಗೆ ದನ, ಮೇಕೆ ತೋಟಕ್ಕೆ ಬಿಡಬೇಡಿ.

ಕೊನೆಯದಾಗಿ, ವಿಷ ತಗುಲಿದ ಹಸುವಿನ ಹಾಲನ್ನು ವೈದ್ಯರು ಹೇಳುವವರೆಗೆ ಡೇರಿಗೆ ಹಾಕಬೇಡಿ, ಮನೆಯಲ್ಲೂ ಕುಡಿಯಬೇಡಿ, ಕರುವಿಗೂ ಬಿಡಬೇಡಿ. ಸಂಘದ ಕ್ಯಾನಿನಲ್ಲಿ ಒಂದು ಮನೆಯ ಹಾಲು ಊರಿನ ಹಾಲಿನೊಡನೆ ಬೆರೆಯುತ್ತದೆ. ನಾಲ್ಕು ಹೊತ್ತಿನ ಹಾಲಿನ ದುಡ್ಡು ಹೋದರೆ ಹೋಗಲಿ. ಆ ಹಾಲು ಕುಡಿಯುವ ಮಗು ಯಾರ ಮನೆಯದೆಂದು ನಮಗೆ ಗೊತ್ತಿರುವುದಿಲ್ಲ.