ಕೇರಂ ಹಲಗೆಯ ಮೇಲೊಂದು ಲಂಬಕೋನ

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಉಡುಪಿಯ ಮಕ್ಕಳಿಗೆ ಅಂಗಳವಿಲ್ಲ, ಚಾವಡಿಯೇ ಗತಿ. ಅಲ್ಲಿ ಕೇರಂ ಹಲಗೆ ಹೊರಬರುತ್ತದೆ. ಮಕ್ಕಳ ಆಟ ಮುಗಿದ ಮೇಲೆ ಆ ಹಲಗೆಯನ್ನು ನೀವೂ ಸ್ವಲ್ಪ ಹೊತ್ತು ಬಳಸಿ ನೋಡಿರಿ.

ಸ್ಟ್ರೈಕರನ್ನು ಬದಿಗಿಡಿ, ಅದು ಕಾಯಿಗಿಂತ ಭಾರ. ಒಂದೇ ತೂಕದ ಎರಡು ಕಾಯಿಗಳು ಸಾಕು. ಒಂದು ಸುಮ್ಮನಿರಲಿ. ಇನ್ನೊಂದನ್ನು ಬೆರಳಿನಿಂದ ಚಿಮ್ಮಿ, ಅದರ ಮಗ್ಗುಲಿಗೆ ತಾಗಿಸಿರಿ. ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಆ ದಾರಿಗಳ ನಡುವೆ ಹೆಚ್ಚುಕಡಿಮೆ ಒಂದು ಲಂಬಕೋನ. ಮೆಲ್ಲಗೆ ಚಿಮ್ಮಿದರೂ ಜೋರಾಗಿ ಚಿಮ್ಮಿದರೂ ಅದು ಬದಲಾಗದು. ಇದೇಕೆ?

ಡಿಕ್ಕಿಯಲ್ಲಿ ಎರಡು ಲೆಕ್ಕಗಳು ತಾಳೆಯಾಗಬೇಕು. ಮೊದಲನೆಯದು ಸಂವೇಗದ್ದು. ತೂಕ ಒಂದೇ ಆದುದರಿಂದ, ಮೊದಲಿನ ವೇಗದ ಗೆರೆಯೂ ಅನಂತರದ ಎರಡು ವೇಗಗಳ ಗೆರೆಗಳೂ ಸೇರಿ ಒಂದು ತ್ರಿಕೋನವಾಗುತ್ತದೆ. ಎರಡನೆಯದು ಚಲನಶಕ್ತಿಯದು: ಅನಂತರದ ವೇಗಗಳ ವರ್ಗಗಳನ್ನು ಕೂಡಿದರೆ ಮೊದಲಿನ ವೇಗದ ವರ್ಗ ಬರಬೇಕು. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ನೆನಪಾಯಿತಲ್ಲವೇ? ಹಾಗೆ ಕೂಡುವ ತ್ರಿಕೋನದಲ್ಲಿ ಲಂಬಕೋನ ಇದ್ದೇ ತೀರಬೇಕು.

ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ 1957ರಲ್ಲಿ ಆರಂಭಿಸಿದ ಇಂಜಿನಿಯರಿಂಗ್ ಕಾಲೇಜಿಗೆ ಸೇರಬೇಕೆಂದು ಓದುವ ಕಾಪು, ಕಾರ್ಕಳದ ಹುಡುಗ ಹುಡುಗಿಯರೂ ಮುಂದಿನ ಹೆಜ್ಜೆಯಲ್ಲಿ ಎಡವಬಹುದು. ಎರಡು ವೇಗ, ಎರಡು ದಿಕ್ಕು: ತಿಳಿಯಬೇಕಾದವು ನಾಲ್ಕು. ಸಂವೇಗದಿಂದ ಎರಡು, ಶಕ್ತಿಯಿಂದ ಒಂದು: ಸಮೀಕರಣಗಳು ಮೂರೇ. ಎಷ್ಟು ಹಾಳೆ ತುಂಬಿದರೂ ಉತ್ತರ ಬಾರದು. ಅದು ಬುದ್ಧಿಯ ಕೊರತೆಯಲ್ಲ, ಮಾಹಿತಿಯ ಕೊರತೆ. ನಾಲ್ಕನೆಯದನ್ನು ಹೇಳಬೇಕಾದುದು ಹಲಗೆಯೇ: ಕಾಯಿಗಳು ಎಲ್ಲಿ ತಾಗಿದವು?

ತಾಗಿದ ಕ್ಷಣದಲ್ಲಿ ಎರಡೂ ಕಾಯಿಗಳ ನಡುಬಿಂದುಗಳನ್ನು ಸೇರಿಸಿ ಗೆರೆ ಎಳೆಯಿರಿ. ಆ ಗೆರೆಯ ದಿಕ್ಕಿನ ವೇಗವೆಲ್ಲ ಎರಡನೆಯ ಕಾಯಿಗೆ ಹೋಗುತ್ತದೆ. ಅಡ್ಡದಿಕ್ಕಿನದು ಮೊದಲನೆಯದರಲ್ಲೇ ಉಳಿಯುತ್ತದೆ. ಸೆಕೆಂಡಿಗೆ 50 ಸೆಂಟಿಮೀಟರ್ ವೇಗದಲ್ಲಿ ಬಂದ ಕಾಯಿಯ ದಾರಿಗೂ ಈ ಗೆರೆಗೂ ಸುಮಾರು 37 ಡಿಗ್ರಿ ಇರಲಿ. ಎರಡನೆಯ ಕಾಯಿ ಗೆರೆಯ ಗುಂಟ 40ರ ವೇಗದಲ್ಲಿ ಹೊರಡುತ್ತದೆ. ಮೊದಲನೆಯದು ಇನ್ನೊಂದು ಬದಿಗೆ 53 ಡಿಗ್ರಿ ತಿರುಗಿ 30ರ ವೇಗದಲ್ಲಿ ಸಾಗುತ್ತದೆ. 1600ಕ್ಕೆ 900 ಕೂಡಿರಿ: 2500, ಅಂದರೆ 50ರ ವರ್ಗ. ನೇರ ಎದುರಿಗೇ ಹೊಡೆದರೋ, ಮೊದಲನೆಯದು ನಿಂತುಬಿಡುತ್ತದೆ.

ನಿಮ್ಮ ಹಲಗೆಯಲ್ಲಿ ಕೋನ 90ಕ್ಕಿಂತ ತುಸು ಕಡಿಮೆ ಬಂದೀತು. ಡಿಕ್ಕಿಯ ಸದ್ದಿನಲ್ಲಿ, ಬಿಸಿಯಲ್ಲಿ ಕೊಂಚ ಶಕ್ತಿ ಸೋರಿಹೋಗುವುದೇ ಅದಕ್ಕೆ ಮುಖ್ಯ ಕಾರಣ.

ಇದು ಬರೀ ಆಟದ ಮಾತಲ್ಲ. 1920ರ ದಶಕದಲ್ಲಿ ಕೇಂಬ್ರಿಜಿನಲ್ಲಿ ಬ್ಲ್ಯಾಕೆಟ್ ಎಂಬ ವಿಜ್ಞಾನಿ, ಆವಿ ತುಂಬಿದ ಪೆಟ್ಟಿಗೆಯಲ್ಲಿ ಆಲ್ಫಾ ಕಣಗಳು ಬಿಟ್ಟುಹೋದ ಜಾಡಿನ ಚಿತ್ರಗಳನ್ನು ತೆಗೆದರು. ಆಲ್ಫಾ ಕಣ ಹೀಲಿಯಂ ಪರಮಾಣುವಿನ ಬೀಜಕ್ಕೆ ತಾಗಿದಲ್ಲಿ ಜಾಡು ಲಂಬಕೋನದಲ್ಲಿ ಕವಲೊಡೆದಿತ್ತು. ಕಣ್ಣಿಗೆ ಕಾಣದ ಎರಡು ಕಣಗಳು ಸಮತೂಕದವೆಂದು ಕೋನವೇ ಸಾಕ್ಷಿ ನುಡಿಯಿತು. ತಕ್ಕಡಿಗೆ ಸಿಗದುದನ್ನು ಹೀಗೂ ತೂಗಬಹುದು. ಇನ್ನು ಹಲಗೆಯನ್ನು ಮಕ್ಕಳಿಗೆ ಮರಳಿಸಿರಿ. ಆದರೆ ಲಂಬಕೋನವನ್ನು ಅವರಿಗೆ ತೋರಿಸಲು ಮರೆಯದಿರಿ.