ಬೇಲಿಯ ಗೌರಿ ಹೂ

(ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಕ್ಷಮಿಸಿ, ನಾನು ಒಂದು ಬಳ್ಳಿಯ ಬಗ್ಗೆ ಮಾತಾಡುತ್ತೇನೆ.

ಮೈದಾನದ ಬೇಲಿಯಲ್ಲಿ ಅರಳುವ ಗೌರಿ ಹೂ ಎಲ್ಲರಿಗೂ ಗೊತ್ತು. ಪುಸ್ತಕದಲ್ಲಿ ಅಗ್ನಿಶಿಖೆ, ವಿಜ್ಞಾನಿಗಳಿಗೆ ಗ್ಲೋರಿಯೋಸಾ ಸುಪರ್ಬಾ. ಹಬ್ಬಕ್ಕೆ ಅದನ್ನು ಕೊಯ್ಯಲು ನಮ್ಮಲ್ಲಿ ಪೈಪೋಟಿಯೇ ಇತ್ತು. ಒಂಬತ್ತನೇ ಕ್ಲಾಸಿನಲ್ಲಿ ನಾನು ಅದರ ಗಡ್ಡೆ ಅಗೆದು, ಗೆಣಸಿರಬೇಕು ಎಂದು ಜೇಬಿಗೆ ಹಾಕಿಕೊಂಡಿದ್ದೆ. ನಮ್ಮ ಜೀವಶಾಸ್ತ್ರದ ಮೇಷ್ಟ್ರು ಅದನ್ನು ಕಸಿದು ಎಸೆದು, ಮೂರು ಸಲ ಕೈ ತೊಳೆಸಿ, ತಲೆಗೊಂದು ಕೊಟ್ಟರು. "ಇದು ಹೊಟ್ಟೆಗೆ ಹೋದ್ರೆ ಜೀವಕೋಶ ಎರಡಾಗೋದೇ ನಿಂತುಹೋಗುತ್ತೆ ಕಣೋ" ಎಂದರು. ಏಟು ನೆನಪಿನಲ್ಲಿ ಉಳಿಯಿತು, ಮಾತು ಮರೆತುಹೋಯಿತು.

ಮದುವೆಯಾದ ಮೇಲೆ ನಮಗೆ ಮೂರು ಸಲ ಗರ್ಭ ನಿಲ್ಲಲಿಲ್ಲ. ಇದನ್ನು ನನ್ನ ಹೆಂಡತಿಯ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಮನೆಯಲ್ಲೂ ಊರಲ್ಲೂ ಮಾತೆಲ್ಲ ಅವಳ ಮೇಲೆಯೇ ಬಂತು. ಪಪ್ಪಾಯಿ ತಿಂದಳಂತೆ, ಬಸ್ಸಿನಲ್ಲಿ ಓಡಾಡಿದಳಂತೆ, ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳಂತೆ. ನಾನೂ ಬಾಯಿ ಬಿಟ್ಟು ಬೇಡ ಎನ್ನಲಿಲ್ಲ.

ಕೊನೆಗೆ ವೈದ್ಯರು ಇಬ್ಬರ ರಕ್ತವನ್ನೂ ವರ್ಣತಂತು ಪರೀಕ್ಷೆಗೆ ಕಳಿಸಿದರು. ಹೇಗೆ ಮಾಡುತ್ತಾರೆ ಎಂದು ಲ್ಯಾಬಿನವರನ್ನು ಕೇಳಿದೆ; ಇಂಜಿನಿಯರ್ ಬುದ್ಧಿ. ಬಿಳಿ ರಕ್ತಕಣಗಳನ್ನು ಸುಮಾರು ಮೂರು ದಿನ ಬೆಳೆಸುತ್ತಾರೆ. ಅವು ಒಡೆಯಲಿ ಎಂದು ಹಾಕುವುದು ರಾಜ್ಮಾ ಜಾತಿಯ ಕಾಳಿನಿಂದ ತೆಗೆದ ಒಂದು ಪ್ರೋಟೀನು. ಆಮೇಲೆ, ಒಡೆಯುತ್ತಿರುವ ಕೋಶಗಳನ್ನು ನಡುದಾರಿಯಲ್ಲೇ ನಿಲ್ಲಿಸಲು ಕೊಲ್ಚಿಸಿನ್ ಅಥವಾ ಅದರ ಹತ್ತಿರದ ನಂಟ ಕೋಲ್ಸೆಮಿಡ್. "ಕೊಲ್ಚಿಸಿನ್ ಅಂದ್ರೆ ನಿಮ್ಮ ಕಡೆ ಬೇಲಿಯಲ್ಲಿ ಇರುತ್ತಲ್ಲ, ಗೌರಿ ಹೂ, ಅದರಲ್ಲೂ ಇರೋದು" ಎಂದರು ಆಕೆ. ಇಪ್ಪತ್ತು ವರ್ಷದ ಹಿಂದಿನ ಏಟು ಚುರುಕ್ಕೆಂದಿತು.

ಕೋಶ ಎರಡಾಗುವಾಗ ವರ್ಣತಂತುಗಳನ್ನು ಆಚೆಗೊಂದು ಪಾಲು, ಈಚೆಗೊಂದು ಪಾಲು ಎಳೆಯುವ ಸಣ್ಣ ಎಳೆಗಳಿವೆ. ಟ್ಯೂಬುಲಿನ್ ಎಂಬ ಪ್ರೋಟೀನು ಇಟ್ಟಿಗೆಯಂತೆ ಜೋಡಿಸಿಕೊಂಡು ಅವು ಆಗುತ್ತವೆ. ಕೊಲ್ಚಿಸಿನ್ ಆ ಇಟ್ಟಿಗೆಗೇ ಅಂಟಿಕೊಳ್ಳುತ್ತದೆ. ಎಳೆ ಬೆಳೆಯುವುದಿಲ್ಲ, ಕೋಶ ಮುಂದೆ ಹೋಗುವುದಿಲ್ಲ. ಆ ಹೊತ್ತಿನಲ್ಲಿ ವರ್ಣತಂತುಗಳು ದಪ್ಪಗೆ, ಎಣಿಸಲು ಬರುವಂತೆ ಇರುತ್ತವೆ. ನಾವು ಓಡುತ್ತಿರುವ ಪ್ರೋಗ್ರಾಮನ್ನು ತಡೆದು ನಿಲ್ಲಿಸಿ ತಪ್ಪು ಹುಡುಕುತ್ತೇವಲ್ಲ, ಹಾಗೆಯೇ.

ಮನುಷ್ಯನಿಗೆ 48 ವರ್ಣತಂತುಗಳು ಎಂದು ದಶಕಗಳ ಕಾಲ ಪುಸ್ತಕಗಳಲ್ಲಿತ್ತು. 1955ರ ಕೊನೆಯಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಚಿಯೋ ಎಂಬುವರು ಕೋಶಗಳನ್ನು ಉಬ್ಬಿಸಿ, ಕೊಲ್ಚಿಸಿನ್ ಹಾಕಿ ನಿಲ್ಲಿಸಿ ನೋಡಿದರು. ಎಣಿಸಿದರೆ 46. ಮರುವರ್ಷ ಆಲ್ಬರ್ಟ್ ಲೆವಾನ್ ಜೊತೆ ಅದನ್ನು ಪ್ರಕಟಿಸಿದರು.

ಊರಿನ ಅಭಿಮಾನಕ್ಕೆ ಸುಳ್ಳು ಹೇಳಬಾರದು. 1820ರಲ್ಲಿ ಫ್ರಾನ್ಸಿನಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಯೂರೋಪಿನ ಕೋಲ್ಚಿಕಂ ಗಿಡದಿಂದ. ಆದರೆ ಇಂದು ತಮಿಳುನಾಡಿನ ರೈತರು ಇದಕ್ಕಾಗಿಯೇ ನಮ್ಮ ಗೌರಿ ಹೂವನ್ನು ಬೆಳೆದು ಬೀಜ ಮಾರುತ್ತಾರೆ.

ವರದಿ ಬಂತು. ಅವಳದು ಸರಿಯಾಗಿತ್ತು. ನನ್ನದರಲ್ಲೂ 46 ಇದ್ದವು. ಆದರೆ ಎರಡು ವರ್ಣತಂತುಗಳ ತುದಿಗಳು ಒಂದಕ್ಕೊಂದು ಅದಲುಬದಲಾಗಿದ್ದವು. ಏನೂ ಕಳೆದಿಲ್ಲವಾದ್ದರಿಂದ ನನಗೆ ಯಾವ ಕಾಯಿಲೆಯೂ ಇಲ್ಲ. ಮಗುವಿಗೆ ಪಾಲು ಹೋಗುವಾಗ ಮಾತ್ರ ಒಂದು ಹೆಚ್ಚು, ಇನ್ನೊಂದು ಕಡಿಮೆ ಆಗಬಹುದು. ಅಂಥ ಗರ್ಭ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಎಲ್ಲ ಸಲವೂ ಹಾಗೆಯೇ ಆಗಬೇಕೆಂದಿಲ್ಲ ಎಂದೂ ವೈದ್ಯರು ಹೇಳಿದರು. ಅಮ್ಮನಿಗೆ ವರದಿ ಓದಿ ಹೇಳಿದೆ. ಅವರು ಏನೂ ಮಾತಾಡದೆ ಎದ್ದು ಹೋಗಿ ಸೊಸೆಗೆ ಕಾಫಿ ಮಾಡಿಕೊಟ್ಟರು. ಆಗ ಆಡಿದ ಮಾತುಗಳು ಊರಲ್ಲಿ ಇನ್ನೂ ಉಳಿದಿದ್ದರೆ, ಕಾರಣ ನನ್ನಲ್ಲಿತ್ತು ಎಂಬುದು ಇವತ್ತಿಗೆ ಎಲ್ಲರಿಗೂ ಗೊತ್ತಾಗಲಿ. ನಾಲ್ಕನೇ ಸಲ ಗರ್ಭ ನಿಂತಿತು. ಮೈಕಿನ ವಯರು ಎಳೆಯುತ್ತಿದ್ದಾಳಲ್ಲ, ಅವಳೇ.

ಹೊಸ ಕಾಂಪೌಂಡಿಗಾಗಿ ಆ ಬೇಲಿ ತೆಗೆಯುತ್ತಾರಂತೆ. ಅಗೆಯುವವರು ಗಡ್ಡೆಗಳನ್ನು ದನಕ್ಕೂ ಮಕ್ಕಳಿಗೂ ಸಿಗದಂತೆ ಹೂಳಬೇಕು. ಮೊದಲು ವಾಂತಿ ಭೇದಿ ಆಗಿ, ಆಮೇಲೆ ದಿನಗಳು ಕಳೆದಂತೆ ಒಂದೊಂದೇ ಅಂಗವನ್ನು ಕೆಡಿಸುವ ವಿಷ ಅದು. ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ: ಒಂದು ಬಳ್ಳಿಯನ್ನು ಮಾತ್ರ ಮಕ್ಕಳ ಕೈಗೆಟುಕದ ಕಡೆ, ತಂತಿಬಲೆಯೊಳಗೆ ಉಳಿಸಿ. ಪಕ್ಕದಲ್ಲಿ ಅದರ ಹೆಸರು, ಒಳಗಿರುವ ವಿಷದ ಹೆಸರು ಎರಡನ್ನೂ ಬರೆಸಿದ ಫಲಕ ಇರಲಿ. ಬಲೆಯ ಖರ್ಚು, ಫಲಕದ ಖರ್ಚು ನನ್ನದು.